ಚಿಕ್ಕೇರೂರಿನ ಮೊದಲ ಪಾಳಿ

ಮೂರು ವಾರ ಕೊಡ್ರಿ ಅಂತ ಬಾಯಿಬಿಟ್ಟು ಕೇಳಿದಾಕಿ ನಾನ. ಯಾರೂ ನನ್ನ ಕೊಳ್ಳಿಗೆ ಕಟ್ಟಿದ್ದಲ್ಲ. ಹಿಂಗಾಗಿ ಮುಂದ ಆದದ್ದಕ್ಕ ಯಾರನ್ನೂ ಬೈಯೂ ಹಂಗ ಇರಲಿಲ್ಲ. ಬೈಯೂದು ನಂಗ ಭಾಳ ಇಷ್ಟ, ಅದಕ್ಕ ಅದ ದೊಡ್ಡ ಸಂಕಟ ಆತು.

ನಮ್ಮದು ಹಾನಗಲ್ಲಿನಾಗ ಒಂದು ಕಿರಾಣಿ ಅಂಗಡಿ ಮ್ಯಾಲಿನ ಆಫೀಸು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ರೈತರು ಕೂಡಿ ಒಂದು ಸಂಘ ಮಾಡ್ಕೊಂಡಾರ. ಸಂಘದ ಹತ್ರ ಟ್ರ್ಯಾಕ್ಟರ್ ಅದಾವ, ಗೋವಿನಜೋಳದ ತೆನಿ ಬಿಡಸೂ ರಾಶಿ ಮಷಿನ್ ಅದಾವ. ಯಾರ ಹೊಲಕ್ಕ ಯಾವಾಗ ಮಷಿನ್ ಹೋಗಬೇಕು ಅಂತ ಪಾಳಿ ಹಚ್ಚಾಕ ಒಂದು ವೆಬ್‌ಸೈಟ್ ಐತಿ. ಕೇಂದ್ರದಾಗ ಕುಂತ ಆಪರೇಟರ್ ರೈತರ ಹೆಸರು, ಊರು, ಮೊಬೈಲ್ ನಂಬರ್ ಹಾಕ್ತಾರ, ಪಾಳಿ ನಂಬರ್ ಬರತೈತಿ, ರೈತರ ಮೊಬೈಲಿಗೆ ಮೆಸೇಜ್ ಹೋಗತೈತಿ. ಆಫೀಸಿನಾಗ ನಾವು ಮೂರ ಮಂದಿ. ಒಬ್ರು ಮುಖ್ಯಸ್ಥರು, ನಾವು ಸಾಹೇಬ್ರು ಅಂತೀವಿ. ಇನ್ನೊಬ್ಬಾಂವ ಕೋಡ್ ಬರಿಯಾಂವ, ಎರಡು ಮಕ್ಕಳ ತಂದಿ, ಸಿಟ್ಟು ಮೂಗಿನ ತುದಿ ಮ್ಯಾಲೆ. ಮೂರನೇದಾಕಿ ಅವನ ಕೋಡಿನಾಗ ತಪ್ಪು ಹುಡುಕೂ ನಾನು.

ಅಂವ ಒಂದು ಸಾಲು ಬದಲು ಮಾಡಿದ್ರ ಸಾಕು, ನಾ ಮತ್ತ ಮೊದಲಿಂದ ಎಲ್ಲಾ ಗುಂಡಿ ಒತ್ತಿ ನೋಡಬೇಕು. ಹಾಡಿದ್ದ ಹಾಡೂ ಕಿಸಬಾಯಿದಾಸನ ಗತಿ. ಹೋದ ಸುಗ್ಗಿಯಾಗ ಒಂದು ಗುಂಡಿ ಒತ್ತೂದು ನಾ ಮರತೆ, ಶಿಗ್ಗಾವಿ ಕೇಂದ್ರದಾಗ ಒಂದ ಪಾಳಿ ಇಬ್ಬರಿಗೆ ಹೋತು. ಇಬ್ಬರೂ ಮಷಿನ್ನಿನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಜಗ್ಗಾಡಿದ್ರು. ಈ ಸಲ ಹೊಸಾ ಆವೃತ್ತಿ ಬಿಡೂಕಿಂತ ಮೊದಲು ಕಂಪ್ಯೂಟರ್ ತಾನ ಬ್ರೌಸರ್ ತಗದು, ತಾನ ಗುಂಡಿ ಒತ್ತಿ, ಸರಿನೋ ತಪ್ಪೋ ತಾನ ಹೇಳೂ ಹಂಗ ಮೂರು ವಾರದಾಗ ಮಾಡ್ತೇನಿ ಅಂತ ಸಾಹೇಬ್ರಿಗೆ ಮಾತು ಕೊಟ್ಟೆ. ಅದರ ಜೊತಿಗೆ ಒಂದು ಕೀಲಿನೂ ಕೇಳಿದೆ. ಗೆದ್ದ ಪರೀಕ್ಷೆ ಹಸರು, ಸೋತದ್ದು ಕೆಂಪು; ಒಂದ ಒಂದು ಕೆಂಪಾದ್ರೂ ಹೊಸಾ ಆವೃತ್ತಿ ಹೊರಗ ಹೋಗಬಾರದು, ಸರ್ವರ್ ತಾನ ತಡೀಬೇಕು. ಸಾಹೇಬ್ರು ಹೂಂ ಅಂದ್ರು.

ಇಂಥಾ ಪರೀಕ್ಷೆಗೆ ಒಪ್ಪಿಗೆ ಪರೀಕ್ಷೆ ಅಂತೀವಿ. ಬಳಸೂ ಮಂದಿ "ಹೌದು, ನಮಗ ಬೇಕಾದ್ದು ಇದ" ಅಂತ ಒಪ್ಪಬೇಕು, ಅದಕ್ಕ. ನಾ ಅವನ್ನ ಕನ್ನಡದಾಗ ಬರದೆ. ಇಂಥಾದ್ದು ಇದ್ದಾಗ, ಹಿಂಗ ಮಾಡಿದ್ರ, ಹಿಂಗ ಆಗಬೇಕು ಅಂತ ಮೂರ ಮೂರು ಸಾಲು. "ರೈತರು ಮೊದಲ ಸಲ ಬಂದಾಗ, ಹೆಸರು ನಂಬರ್ ಹಾಕಿದ್ರ, ಪಾಳಿ ನಂಬರ್ ತೋರಿಸಬೇಕು." ಒಂದೊಂದು ಸಾಲಿನ ಹಿಂದ ಒಂದೊಂದು ತುಂಡು ಕೋಡು. ಎಲ್ಲಾದಕ್ಕೂ ಮ್ಯಾಲೆ "ಒಪ್ಪಿದವರು" ಅಂತ ಒಂದು ಸಾಲು ಇಟ್ಟಿದ್ದೆ. ನಾಲ್ಕೂ ಕೇಂದ್ರದ ಆಪರೇಟರ್‌ಗೋಳಿಗೆ ಫೋನ್ ಹಚ್ಚಿ, ಪಾಳಿ ಹೆಂಗ ಹಚ್ತೀರಿ ಅಂತ ಕೇಳಿ ಬರ್ಕೊಂಡೆ. ಒಪ್ಪಿದವರು ಅನ್ನೂ ಜಾಗದಾಗ ಎಲ್ಲಾ ಕಡೆ ನನ್ನ ಹೆಸರ ಹಾಕ್ಕೊಂಡೆ. ಯಾರು ನಾಲ್ಕು ಊರು ತಿರಗಬೇಕು ಅಂತ.

ಮೊದಲ ವಾರ ಬರೇ ಕೆಂಪು. ಪುಟ ಪೂರಾ ಬರೂಕಿಂತ ಮೊದಲ ಪರೀಕ್ಷೆ ಗುಂಡಿ ಹುಡುಕ್ತಿತ್ತು, ಸಿಗಲಿಲ್ಲ ಅಂತ ಸೋಲ್ತಿತ್ತು. ನಾ ಇಂಟರ್ನೆಟ್ ನಿಧಾನ ಅಂತ ಬೈದೆ. "ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದ್ಲಂತ" ಅಂದ ಕೋಡ್ ಬರಿಯಾಂವ. ಸಿಟ್ಟು ಬಂತು, ಆದ್ರ ಅಂವ ಹೇಳಿದ್ದು ಖರೇನ ಇತ್ತು. ಐದು ಸೆಕೆಂಡು ಕಾಯಿ, ಹತ್ತು ಸೆಕೆಂಡು ಕಾಯಿ ಅಂತ ಬರದಿದ್ದೆ. ಅದನ್ನೆಲ್ಲಾ ಅಳಿಸಿ, ಗುಂಡಿ ಕಾಣೂತನಾ ಕಾಯಿ, ಕಂಡ ಕೂಡಲೆ ಒತ್ತು ಅಂತ ಬರದೆ. ಅರ್ಧಕ್ಕರ್ಧ ಹಸರಾತು. ಆಮ್ಯಾಲೆ ಇನ್ನೊಂದು. ಪರೀಕ್ಷೆ ಸೋತಾಗ ಪರದೆದ ಫೋಟೋ ತಾನ ತಗಿಯೂ ಹಂಗ ಮಾಡಿದ್ದೆ. ಸರ್ವರಿನಾಗ ಕನ್ನಡ ಫಾಂಟ್ ಇರಲಿಲ್ಲ, ಫೋಟೋದಾಗ ಅಕ್ಷರದ ಬದಲಿ ಬರೇ ಸಣ್ಣ ಸಣ್ಣ ಚೌಕ. ಎರಡು ದಿನ ಆ ಚೌಕಾನ ನೋಡ್ಕೋತ ಕುಂತಿದ್ದೆ, ನನ್ನ ಬುದ್ಧಿಗೆ ಏನ್ ಹೇಳೂದು.

ಇನ್ನೊಂದು ನಿಯಮನೂ ಮಾಡ್ಕೊಂಡೆ, ಇದರ ಮ್ಯಾಲೆ ನಂಗ ಭಾಳ ಜಂಬ ಇತ್ತು. ಪರೀಕ್ಷೆಗೋಳಿಗೆ ಮೊದಲು, ಆಮ್ಯಾಲೆ ಅನ್ನೂದು ಇರಬಾರದು. ಯಾವುದನ್ನ ಯಾವಾಗ ಓಡಿಸಿದ್ರೂ ಉತ್ತರ ಒಂದ ಬರಬೇಕು. ಅದಕ್ಕ ಪ್ರತಿ ಸಲ ಪರೀಕ್ಷೆ ಸುರು ಆಗೂಕಿಂತ ಮೊದಲು ಪರೀಕ್ಷೆಗಂತ ಇಟ್ಟ ಬ್ಯಾರೆ ಸರ್ವರಿನಾಗಿನ ಮಾಹಿತಿ ಎಲ್ಲಾ ಒರಸಿ ಹೊಸದಾಗಿ ತುಂಬೂ ಹಂಗ ಮಾಡಿದೆ. ತುಂಬಾಕ ಕೇಂದ್ರದವ್ರು ದಿನಾ ಬಳಸೂ ಖರೇ ಸರ್ವರಿನ ಮಾಹಿತಿದ ನಕಲು ತಗೊಂಡೆ. ಇಲ್ಲೆ ದೊಡ್ಡ ಎಡವಟ್ಟು ಆತು.

ನಕಲಿನಾಗ ರೈತರ ಖರೇ ನಂಬರ್ ಇದ್ವು. ಮೆಸೇಜ್ ಕಳಸೂ ಸಾಲು ಖರೇ ಸರ್ವರಿನಿಂದ ಹಂಗ ಎತ್ತಿ ತಂದಿದ್ದೆ. ಪರೀಕ್ಷೆ ಓಡ್ತು, ಹಸರಾತು, ನಾ ಚಹಾ ಕುಡದೆ. ಮರುದಿನ ಮಧ್ಯಾಹ್ನ ಸವಣೂರು ಕೇಂದ್ರದ ಆಪರೇಟರ್ ಫೋನ್ ಮಾಡಿದ್ರು. ಅವರು ಮುಸಲ್ಮಾನರು, ನಮಗಿಂತ ಹಿರಿಯರು, ಎಂದೂ ದನಿ ಏರಿಸಿದವರಲ್ಲ.

"ಮೇಡಂ, ಯಲವಿಗಿಯಿಂದ ಒಬ್ರು ಬಂದಾರ್ರಿ. ಇವತ್ತ ಮುಂಜಾನೆ ಮಷಿನ್ ಬರತೈತಿ ಅಂತ ಮೆಸೇಜ್ ಬಂದಿತ್ತಂತ. ಆಳು ಕರಕೊಂಡು, ತೆನಿ ಮ್ಯಾಲಿನ ತಾಡಪತ್ರಿ ತಗದಿಟ್ಟು ದಾರಿ ಕಾದಾರ. ನನ್ನ ಪಟ್ಟಿಯಾಗ ಅವರ ಪಾಳಿ ಇನ್ನೂ ಎಂಟು ದಿನ ಐತಿ."

ಮೆಸೇಜ್ ನನ್ನ ಪರೀಕ್ಷೆದ್ದು.

"ಚಾಚಾ, ತಪ್ಪು ನಂದು. ಅವರಿಗೆ ಇವತ್ತ ಹೆಂಗರ ಮಾಡಿ ಮಷಿನ್ ಕೊಡಾಕ ಆಕ್ಕತೇನು?"

"ಎಲ್ಲಿಂದ ಕೊಡ್ಲಿ ಬೇಟಿ? ಒಂದ ಒಂದು ಪಾಳಿ ಖಾಲಿ ಇಲ್ಲ. ಯಾರದ ಕಸಗೊಂಡು ಕೊಡಬೇಕು?"

ಆ ಹೊತ್ತಿಗೆ ಸವಣೂರ ಕಡೆ ಮಳಿ ಸುರು ಆಗಿತ್ತು. ನಾ ಯಲವಿಗಿಯವರಿಗೆ ಫೋನ್ ಮಾಡಿ ತಪ್ಪಾತ್ರಿ ಅಂದೆ. ಅವರು ಬೈದಿದ್ರ ಬೇಶ್ ಇತ್ತು. "ಇರ್ಲಿ ಬಿಡವಾ, ತೆನಿ ಅರ್ಧ ತೊಯ್ದಾವ, ಒಣಗಸ್ತೀವಿ" ಅಂದು ಇಟ್ರು.

ಮರುದಿನದಿಂದ ಮೆಸೇಜ್ ಹೊರಗ ಹೋಗೂ ದಾರೀನ ಮುಚ್ಚಿದೆ. ಪರೀಕ್ಷೆ ಕಳಸೂ ಮೆಸೇಜ್ ಎಲ್ಲಾ ನಮ್ಮ ಸರ್ವರಿನಾಗ ಒಂದು ಸುಳ್ಳು ಪೆಟ್ಟಿಗ್ಯಾಗ ಬೀಳೂ ಹಂಗ ಮಾಡಿದೆ. ನಕಲು ತರೂ ಮುಂದ ಎಲ್ಲಾ ನಂಬರೂ ಬದಲಾಗಬೇಕು, ಆದ್ರ ಒಂದು ನಂಬರಿಗೆ ಎಲ್ಲಾ ಕಡೆ ಒಂದ ಸುಳ್ಳು ನಂಬರ್ ಬರಬೇಕು. ಇಲ್ಲಂದ್ರ ಒಬ್ಬ ರೈತ ಹತ್ತು ಮಂದಿ ಆಗಿ ಕಾಣ್ತಾನ. ಈ ಕೆಲಸ ಬರೋಬ್ಬರಿ ಆತು. ಫಲಿತಾಂಶ ದಿನಾ ಮುಂಜಾನೆ ಎಲ್ಲಾರಿಗೂ ಇ-ಮೇಲ್ ಹೋಗೂ ಹಂಗ ಮಾಡಿದೆ. ಸಾಹೇಬ್ರಿಗೂ. ನನ್ನ ಹಸರು ಅವರು ನೋಡಲಿ ಅಂತ.

ಮೂರನೇ ವಾರದ ಶುಕ್ರವಾರ ಹೊಸಾ ಆವೃತ್ತಿ ಹಾಕಿ ಎಲ್ಲಾ ಪರೀಕ್ಷೆ ಓಡಿಸಿದ್ವಿ. ಹೊಸಾದ್ರಾಗ ಒಂದು ನಿಯಮ ಇತ್ತು: ಒಂದು ಮೊಬೈಲ್ ನಂಬರಿಗೆ ಒಂದ ಪಾಳಿ, ಅದು ಮುಗಿಯೂತನಾ ಇನ್ನೊಂದಿಲ್ಲ. ಹಾನಗಲ್ಲ ಹಸರು. ಶಿಗ್ಗಾವಿ ಹಸರು. ಸವಣೂರು ಹಸರು. ಹಿರೇಕೆರೂರು ತಾಲೂಕಿನ ಚಿಕ್ಕೇರೂರು ಕೇಂದ್ರ ಕೆಂಪು. ಅಲ್ಲೆ ಒಂದ ನಂಬರಿನಿಂದ ದಿನಾ ಮುಂಜಾನೆ ಮಷಿನ್ನಿನ ಮೊದಲ ಪಾಳಿ ಹಿಡದಿದ್ರು, ಮುಗೀತು ಅಂತ ಒಂದನ್ನೂ ಹಚ್ಚಿರಲಿಲ್ಲ. ಒಂದು ದಿನಾನೂ ತಪ್ಪಿರಲಿಲ್ಲ.

ನಾ ಇನ್ನೂ ಅದನ್ನ ಓದಾಕತ್ತಿದ್ದೆ, ಸಾಹೇಬ್ರು ಖರೇ ಸರ್ವರಿನಾಗ ಹುಡುಕಿ ಆಗಿತ್ತು.

"ಇದು ಅಲ್ಲಿನ ಆಪರೇಟರ್‌ದ ಸ್ವಂತ ನಂಬರ್ ಐತಿ. ಇಷ್ಟು ದಿನಾ ತನ್ನ ಮಂದಿಗೆ ಮೊದಲ ಪಾಳಿ ಹಂಚಾಕತ್ತಾಳ. ನಿಮ್ಮ ಪರೀಕ್ಷೆ ಭಾರೀ ಕೆಲಸ ಮಾಡ್ತು ನೋಡ್ರಿ. ಸೋಮವಾರದಿಂದ ಆಕಿ ಬರೂದು ಬ್ಯಾಡ, ಕಾಗದ ತಯಾರ ಮಾಡ್ಸ್ತೇನಿ."

ಹೊಗಳಿಕಿ ಕೇಳಿ ಒಂದು ಕ್ಷಣ ಖುಷಿ ಆತು, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲೆ ಆ ನಂಬರಿನ ಸಾಲು ಮತ್ತೊಮ್ಮೆ ಓದಿದೆ. ಆ ಅಕ್ಕನ ದನಿ ಫೋನಿನ್ಯಾಗ ಕೇಳಿದ್ದೆ. ಕಳ್ಳರು ತಮ್ಮ ಸ್ವಂತ ನಂಬರ್ ದಿನಾ ಹಾಕ್ತಾರೇನು?

"ನಾ ಹೋಗಿ ನೋಡಿ ಬರ್ತೇನ್ರಿ. ಅಲ್ಲಿತನಾ ಕಾಗದ ಕಳಸಬ್ಯಾಡ್ರಿ" ಅಂದೆ.

"ಇನ್ನೇನು ನೋಡ್ತೀರಿ? ಯಂತ್ರ ಸುಳ್ಳು ಹೇಳೂದಿಲ್ಲ ಅಂತ ನೀವ ಹೇಳ್ತಿದ್ರಲ್ಲ?"

ಹೇಳ್ತಿದ್ದೆ. ಊರೆಲ್ಲಾ ಹೇಳ್ಕೋತ ತಿರಗಿದ್ದೆ. ಆದ್ರ ಪರೀಕ್ಷೆ ಅನ್ನೂದು ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಜಾತಿ, ನಾ ಕೇಳಿದ್ದಕ್ಕಷ್ಟ ಉತ್ತರ ಕೊಡತೈತಿ. ನಾ ಕೇಳಿದ್ದ ತಪ್ಪಿದ್ರ? ಸಾಹೇಬ್ರು ಸೋಮವಾರ ಮಧ್ಯಾಹ್ನದತನಾ ಕಾಯ್ತೇನಿ ಅಂದ್ರು.

ಶನಿವಾರ ನಸುಕಿನ್ಯಾಗ ತಿಳವಳ್ಳಿ ಮ್ಯಾಲೆ ಹೋಗೂ ಬಸ್ ಹತ್ತಿದೆ. ಚಿಕ್ಕೇರೂರು ಕೇಂದ್ರದ ಮುಂದ ಕಟ್ಟಿ ಮ್ಯಾಲೆ ಆಗಲೇ ಹತ್ತು-ಹನ್ನೆರಡು ಮಂದಿ ರೈತರು ಕುಂತಿದ್ರು. ಆಪರೇಟರ್ ಅಕ್ಕಾರು ಐವತ್ತರ ಹತ್ರದವರು, ಚಸ್ಮಾಕ್ಕ ದಾರ ಕಟ್ಟಿ ಕೊಳ್ಳಾಗ ಹಾಕ್ಕೊಂಡಿದ್ರು. ನಾ ಯಾರು ಅಂತ ಹೇಳಿದೆ. ಯಾಕ ಬಂದೇನಿ ಅಂತ ಹೇಳಲಿಲ್ಲ. "ಬರ್ರಿ ಮೇಡಂ, ಕುಂಡ್ರ್ರಿ" ಅಂತ ತಮ್ಮ ಕುರ್ಚಿನ ನಂಗ ಕೊಟ್ಟು, ತಾವು ಸ್ಟೂಲಿನ ಮ್ಯಾಲೆ ಕುಂತ್ರು.

ಕಂಪ್ಯೂಟರ್ ಹಚ್ಚಿದ್ರು. ಕೈ ಮುಗದ್ರು. ಹೊಸಾ ಪಾಳಿ ಅನ್ನೂ ಗುಂಡಿ ಒತ್ತಿದ್ರು. ಹೆಸರು: ಬಸವಣ್ಣ. ಊರು: ಚಿಕ್ಕೇರೂರು. ಮೊಬೈಲ್: ತಮ್ಮದು. ಪಾಳಿ ನಂಬರ್ ಒಂದು. ನನ್ನ ಕಣ್ಣ ಮುಂದ, ಒಂಚೂರೂ ಅಳುಕದ. ಆಮ್ಯಾಲೆ ಹೊರಗ ಕೂಗಿದ್ರು, "ಎರಡನೇದವ್ರು ಯಾರ್ರೆಪಾ, ಬರ್ರಿ."

"ಅಕ್ಕಾರ, ಈ ಬಸವಣ್ಣ ಅಂದ್ರ ಯಾರ್ರಿ?"

ಅವರು ನನ್ನ ಮಾರಿ ನೋಡಿದ್ರು, ನಾ ಯಾವ ದೇಶದಾಕಿ ಅನ್ನೂ ಹಂಗ. "ಬಸವಣ್ಣ ಅಂದ್ರ ಯಾರೇನ್ರಿ? ಬಸವಣ್ಣ ದ್ಯಾವ್ರು. ಮೊದಲ ಪಾಳಿ ದ್ಯಾವ್ರದಲ್ಲೇನು?"

ಕಟ್ಟಿ ಮ್ಯಾಲಿನ ಒಬ್ಬ ಅಜ್ಜ ಕಿಟಕಿಯಾಗ ತಲಿ ಹಾಕಿ ಬಾಕಿದ್ದು ಹೇಳಿದ. ಮಷಿನ್ ಬಂದ ಹೊಸದ್ರಾಗ ಮೊದಲ ಪಾಳಿ ಸಲುವಾಗಿ ದಿನಾ ಬಡದಾಟ. ಗೌಡ್ರ ಮನ್ಯಾವ್ರು ನಮಗ ಅಂತಿದ್ರು, ಮುಂಜಾನೆ ನಾಲ್ಕಕ್ಕ ಬಂದು ಕುಂತಾವ್ರು ನಮಗ ಅಂತಿದ್ರು. ಒಂದಿನ ಹಿರಿಯಾರೆಲ್ಲಾ ಕುಂತು ಮೊದಲನೇದನ್ನ ಬಸವಣ್ಣಗ ಬಿಟ್ಟಬಿಟ್ರು. "ಅಲ್ಲಿಂದ ಜಗಳ ಬಂದ್ ಆತು ನೋಡವಾ. ಎರಡನೇ ನಂಬರಿಗೆ ಯಾರೂ ಬಡದಾಡೂದಿಲ್ಲ."

"ಹಂಗಾರ ಆ ಹೊತ್ತು ಮಷಿನ್ ಸುಮ್ನ ನಿಂತಿರತೈತೇನು?"

"ಯಾಕ ನಿಲ್ಲತೈತಿ?" ಅಂದ್ರು ಅಕ್ಕಾರು. "ತಡೀರಿ, ನೋಡ್ತೀರಿ."

ಒಂಬತ್ತರ ಸುಮಾರಿಗೆ ಒಬ್ಬ ಹೆಣ್ಣಮಗಳು ಬಂದು ಬಾಗಲದಾಗ ನಿಂತ್ಲು. ಮನ್ಯಾಗ ಅತ್ತಿ ತೀರ್ಕೊಂಡಿದ್ಲು, ಮೂರು ದಿನ ಆಗಿತ್ತು. ಅವತ್ತ ಅವರ ಪಾಳಿ ಇತ್ತಂತ, ತಪ್ಪಿಹೋತು. ಸಂಜೀಕ ಮಳಿ ಬರೂ ಹಂಗೈತಿ, ತೆನಿ ಅಂಗಳದಾಗ ಬಿದ್ದಾವ. ಅಕ್ಕಾರು ಎದ್ದು ಹೊರಗ ಹೋಗಿ ಕಟ್ಟಿ ಮುಂದ ನಿಂತ್ರು.

"ಏನ್ರೆಪಾ, ಇವತ್ತಿನ ದ್ಯಾವ್ರ ಪಾಳಿ ಈಕಿಗೆ ಕೊಡೂದೇನು?"

"ನಿನ್ನೆನೂ ಅವ್ರ ಓಣ್ಯಾಗ ಹೋಗಿತ್ತಲ್ಲಾ" ಅಂತ ಒಬ್ಬ ಗೊಣಗಿದ.

"ಸಾವಿನ ಮನಿಗೆ ಓಣಿ ನೋಡ್ತಾರೇನೋ, ನಾಚಿಕಿ ಬರೂದಿಲ್ಲ?" ಅಂತ ಅಜ್ಜ ಗದರಿದ. ಉಳಿದವ್ರು ಕೊಡ್ರಿ ಕೊಡ್ರಿ ಅಂದ್ರು. ಅಕ್ಕಾರು ಡ್ರೈವರಿಗೆ ಹೇಳಿದ್ರು, ಮಷಿನ್ ಹೊಂಟು ಹೋತು. ಎಲ್ಲಾ ಸೇರಿ ಐದು ನಿಮಿಷ ಹಿಡೀಲಿಲ್ಲ.

ನಾ ಆ ಕುರ್ಚಿ ಮ್ಯಾಲೆ ಕುಂತು ಯಲವಿಗಿಯವರನ್ನ ನೆನಿಸ್ಕೊಂಡೆ. ಇಂಥಾ ಒಂದು ಪಾಳಿ ಸವಣೂರಿನಾಗ ಇದ್ದಿದ್ರ ಅವರ ತೆನಿ ತೊಯ್ತಿರಲಿಲ್ಲ.

"ಅಕ್ಕಾರ, ನಾ ಫೋನ್ ಮಾಡಿ ಕೇಳಿದಾಗ ಇದನ್ನ ಯಾಕ ಹೇಳಲಿಲ್ರಿ?"

"ನೀವು ರೈತರ ಪಾಳಿ ಹೆಂಗ ಹಚ್ತೀರಿ ಅಂತ ಕೇಳಿದ್ರಿ. ದ್ಯಾವ್ರ ಪಾಳಿ ಕೇಳಿದ್ರೇನು?"

ಇನ್ನ ಮುಚ್ಚಿಡೂದು ಸರಿಯಲ್ಲ ಅನಿಸ್ತು, ಯಾಕ ಬಂದೇನಿ ಅಂತ ಹೇಳಿದೆ. ಕೆಂಪು ಪರೀಕ್ಷೆ, ಸಾಹೇಬ್ರ ಕಾಗದ, ಸೋಮವಾರ, ಎಲ್ಲಾ. ಅಕ್ಕಾರು ಚಸ್ಮಾ ತಗದು ಸೆರಗಿನಿಂದ ಒರಸಿದ್ರು, ಭಾಳ ಹೊತ್ತು ಒರಸಿದ್ರು.

"ನಾ ಕಳ್ಳಿ ಅಂತ ಬಂತೇನು ಅದ್ರಾಗ?"

"ಹೌದ್ರಿ. ನಾ ಬರದದ್ದ ಹಂಗ ಹೇಳ್ತು."

"ನಂಬರ್ ಹಾಕಲಿಲ್ಲಂದ್ರ ನಿಮ್ಮ ಕಂಪ್ಯೂಟರ್ ಮುಂದ ಬಿಡೂದಿಲ್ಲ. ಬಸವಣ್ಣಗ ಮೊಬೈಲ್ ಎಲ್ಲಿಂದ ತರ್ಲಿ? ನನ್ನದ ಕೊಟ್ಟೆ." ಚಸ್ಮಾ ಮತ್ತ ಹಾಕ್ಕೊಂಡ್ರು. "ಈ ಊರಾಗ ಇಷ್ಟು ವರ್ಷ ತಲಿ ಎತ್ತಿ ಅಡ್ಡಾಡೇನಿ."

ನಂಗ ನಾಚಿಕಿ ಆತು. ನಾಲ್ಕು ಊರಿಗೆ ಬಸ್ ಹತ್ತಾಕ ಬ್ಯಾಸರ ಮಾಡಿ, ಒಪ್ಪಿದವರು ಅಂತ ನನ್ನ ಹೆಸರು ಬರ್ಕೊಂಡಾಕಿ ನಾನ. ಒಪ್ಪಬೇಕಾದವರು ಇಲ್ಲೆ ಸ್ಟೂಲಿನ ಮ್ಯಾಲೆ ಕುಂತಿದ್ರು.

ದಾರಿ ಎರಡಿದ್ವು. ಮೊದಲನೇದು ಭಾಳ ಸಸಾರ: ಇದೊಂದು ನಂಬರ್ ನೋಡಬ್ಯಾಡ ಅಂತ ಪರೀಕ್ಷೆದಾಗ ಒಂದು ಸಾಲು ಬರದ್ರ ಸೋಮವಾರದೊಳಗ ಎಲ್ಲಾ ಹಸರು. ನನ್ನ ಮೂರು ವಾರದ ಮಾತೂ ಉಳೀತಿತ್ತು. ಆದ್ರ ಹೊಸಾ ನಿಯಮ ಖರೇ ಸರ್ವರಿನಾಗ ಬಂದ ದಿನ ದೇವರ ಪಾಳಿ ನಿಂತಹೋಗ್ತಿತ್ತು, ನನ್ನ ಪರೀಕ್ಷೆ ಮಾತ್ರ ಹಸರಾಗಿ ನಗ್ತಿತ್ತು. ಎರಡನೇದನ್ನ ಹಿಡದೆ. ಅಲ್ಲೇ ಲ್ಯಾಪ್‌ಟಾಪ್ ತಗದೆ. "ಅಕ್ಕಾರ, ನೀವು ಹೇಳ್ರಿ, ನಾ ಬರೀತೇನಿ."

"ದಿನಾ ಮುಂಜಾನೆ ಕೇಂದ್ರ ತಗದಾಗ, ಮಷಿನ್ನಿನ ಮೊದಲ ಪಾಳಿ ಯಾರಿಗೂ ಹೋಗಬಾರದು" ಅಂತ ಸುರು ಆತು. ಅದಕ್ಕ ಮೊಬೈಲ್ ನಂಬರ್ ಕೇಳಬಾರದು. ಅಡಚಣಿ ಇದ್ದವರು ಬಂದಾಗ, ಕಾರಣ ಬರದ್ರ, ಆ ಪಾಳಿ ಅವರಿಗೆ ಹೋಗಬೇಕು. ನಾ ಓದಿ ತೋರಿಸಿದೆ. ಅಕ್ಕಾರು ತಲಿ ಅಲ್ಲಾಡಿಸಿದ್ರು. "ನಾ ಒಬ್ಬಾಕಿನ ಕೊಟ್ರ ನಾಳೆ ಖರೇನ ಕಳ್ಳಿ ಆಗ್ತೇನಿ. ಕಟ್ಟಿ ಮ್ಯಾಲೆ ಇದ್ದಾವ್ರಿಗೆ ಕೇಳಿ ಅಂತ ಸೇರಸ್ರಿ. ಇಬ್ಬರ ಹೆಸರರ ಬರೀಬೇಕು." ಸೇರಿಸಿದೆ. ಒಪ್ಪಿದವರು ಅನ್ನೂ ಸಾಲಿನಾಗ ಅವರ ಹೆಸರು ಹಾಕಿ ಓಡಿಸಿದೆ. ಕೆಂಪು. ಆಗೂದ ಹಂಗ, ಕೋಡ್ ಇನ್ನೂ ಯಾರೂ ಬರದಿರಲಿಲ್ಲ. ಕೆಂಪು ಇದ್ದಷ್ಟು ದಿನ ಹೊಸಾ ಆವೃತ್ತಿ ಹೊರಗ ಹೋಗೂ ಹಂಗಿಲ್ಲ. ಕೀಲಿ ನನ್ನ ಕೈಯಾಗ ಇತ್ತು.

ಸೋಮವಾರ ಆಫೀಸಿನಾಗ ಬೆಂಕಿ. ಕೋಡ್ ಬರಿಯಾಂವ ಇ-ಮೇಲ್ ನೋಡಿ ಕುರ್ಚಿ ಹಿಂದಕ್ಕ ದಬ್ಬಿ ಎದ್ದ. "ಆವೃತ್ತಿ ಬಿಡೂ ದಿನ ಹೊಸಾ ಪರೀಕ್ಷೆ ತಂದು ಇಡ್ತಾಳ! ಇಂಥಾದ್ದು ಎಲ್ಲ್ಯರ ಐತೇನ್ರಿ?"

ಸಾಹೇಬ್ರ ಮುಂದ ಕಾಗದ ತಯಾರಿತ್ತು, ಸಹಿ ಒಂದು ಬಾಕಿ. ನಾ ಚಿಕ್ಕೇರೂರಿನಾಗ ಕಂಡದ್ದೆಲ್ಲಾ ಹೇಳಿದೆ. ಅವರು ನಕ್ರು. "ಸಾಫ್ಟ್‌ವೇರಿನಾಗ ದೇವರನ್ನ ಕೂಡಸ್ತೀರೇನು?"

"ದೇವರನ್ನ ಬಿಡ್ರಿ ಸಾಹೇಬ್ರ. ಯಲವಿಗಿಯವರಿಗೆ ನಮ್ಮ ತಪ್ಪಿನಿಂದ ಸುಳ್ಳು ಮೆಸೇಜ್ ಹೋತು. ಕೊಡಾಕ ಸವಣೂರಿನಾಗ ಒಂದು ಪಾಳಿ ಇರಲಿಲ್ಲ. ನೀವು ಇದ್ರ ಎಲ್ಲಿಂದ ಕೊಡ್ತಿದ್ರಿ?"

ಅವರು ಕಾಗದ ಬದಿಗೆ ಸರಿಸಿದ್ರು. ಆಮ್ಯಾಲೆ ಸವಣೂರಿಗೆ ಫೋನ್ ಹಚ್ಚಿ ಸ್ಪೀಕರ್ ಮ್ಯಾಲೆ ಇಟ್ರು. ಚಾಚಾ ಪೂರಾ ಕೇಳಿ ಅಂದ್ರು, "ಪರದೆ ಮ್ಯಾಲೆ ದೇವರ ಹೆಸರು ಯಾಕ್ರಿ ಸಾಹೇಬ್? ಬರೇ ಮೊದಲ ಪಾಳಿ ಅಂತ ಇಡ್ರಿ. ಅವರು ಬಸವಣ್ಣನ ಹೆಸರ್ಲೆ ಕೊಡ್ಲಿ, ನಾ ಖುದಾನ ಹೆಸರ್ಲೆ ಕೊಡ್ತೇನಿ. ಆದ್ರ ಕೊಡ್ರಿ, ನಂಗ ಭಾಳ ಬೇಕಾಗೇತಿ."

ಸಾಹೇಬ್ರು ಕಾಗದ ಹರದು ಬುಟ್ಟಿಗೆ ಹಾಕಿದ್ರು. ತಪ್ಪಾತು ಅಂತ ಬಾಯಿ ಬಿಟ್ಟು ಅನ್ನಲಿಲ್ಲ. ಅಕ್ಕಾರಿಗೆ ಒಂದು ಫೋನ್ ಮಾಡ್ರಿ ಅಂತ ನಾ ಎದುರಿಗೆ ನಿಂತೆ, ಹೋಗಲಿಲ್ಲ. ಕಡೀಕ ಮಾಡಿದ್ರು. ಏನ್ ಮಾತಾಡಿದ್ರೋ, ಬಾಗಲಾ ಹಾಕ್ಕೊಂಡಿದ್ರು.

ಕೋಡ್ ಬರಿಯಾಂವ ಎರಡು ದಿನ ನನ್ನ ಜೋಡಿ ಮಾತು ಬಿಟ್ಟು ಕೆಲಸ ಮಾಡಿದ. ಬುಧವಾರ ಮಧ್ಯಾಹ್ನ ಎಲ್ಲಾ ಹಸರಾತು. "ಬೇಶ್ ಐತಿ ಬಿಡು ಇದು" ಅಂತ ಗೋಡಿ ಕಡೆ ನೋಡ್ಕೋತ ಅಂದ. ಅವನ ಬಾಯಾಗ ಅದ ದೊಡ್ಡ ಹೊಗಳಿಕಿ.

ಗುರುವಾರ ನಾ ಮತ್ತ ಚಿಕ್ಕೇರೂರಿಗೆ ಹೋದೆ. ಖರೇ ಒಪ್ಪಿಗೆ ಅಕ್ಕಾರದ ಆಗಬೇಕಿತ್ತು. ಲ್ಯಾಪ್‌ಟಾಪ್ ಅವರ ಮುಂದ ಇಟ್ಟು ಪರೀಕ್ಷೆ ಸುರು ಮಾಡಿದೆ. ಬ್ರೌಸರ್ ತಾನ ತಗೀತು, ಹೆಸರು ತಾವ ಬಿದ್ವು, ಗುಂಡಿ ತಾವ ಒತ್ತಿಕೊಂಡ್ವು. ಕಟ್ಟಿ ಮ್ಯಾಲಿನವ್ರೆಲ್ಲಾ ಕಿಟಕಿಗೆ ಮುಗಿಬಿದ್ರು. ನಡುವ ಎಲ್ಲೋ ಮೊದಲ ಪಾಳಿ ಪರೀಕ್ಷೆ ಬಂತು, ಮೊಬೈಲ್ ನಂಬರ್ ಕೇಳದ ಮುಂದ ಹೋತು, ಹಸರಾತು. ಅಕ್ಕಾರು ಅದರ ಮ್ಯಾಲಿನ ತಮ್ಮ ಹೆಸರನ್ನ ಒಂದು ಸಲ ಓದಿದ್ರು, ಬಾಯಾಗ ಇನ್ನೊಂದು ಸಲ.

"ಇದು ದಿನಾ ಓಡತೈತೇನು ತಂಗಿ?"

ಅವತ್ತಿಂದ ನಾ ಮೇಡಂ ಅಲ್ಲ.

"ದಿನಾ ಮುಂಜಾನೆ ಓಡತೈತ್ರಿ, ನೀವು ಕೇಂದ್ರ ತಗಿಯೂಕಿಂತ ಮೊದಲ."

"ಹಂಗಾರ ಇದನ್ನ ನಡುವ ಯಾಕ ಇಟ್ಟಿ? ಮೊದಲು ಇದನ್ನ ಓಡಸು. ಉಳದವು ಎರಡರಿಂದ ಸುರು ಆಗ್ಲಿ."

ಪರೀಕ್ಷೆಗೋಳಿಗೆ ಮೊದಲು, ಆಮ್ಯಾಲೆ ಅನ್ನೂದು ಇರಬಾರದು ಅಂತ ಹೇಳಾಕ ನಾ ಬಾಯಿ ತಗದೆ. ಕಿಟಕಿಯಾಗ ಅಜ್ಜ ನನ್ನ ಮಾರಿನ ನೋಡಾಕತ್ತಿದ್ದ. ಬಾಯಿ ಮುಚ್ಚಿ, ಅದ ಎಲ್ಲಾಕ್ಕಿಂತ ಮೊದಲು ಓಡೂ ಹಂಗ, ಆ ಫೈಲಿನ ಹೆಸರಿನ ಮೊದಲಿಗೆ ಒಂದು ಅಂತ ಅಂಕಿ ಹಾಕಿದೆ.